ಮೀಟರ್ ಬಿಡಿ, ತಳ ನೋಡಿ



ನಿಮ್ಮಲ್ಲಿ ಅನೇಕರ ಮನೆ ಮುಂದೆ ಒಂದು ಹಳೆಯ ಸಣ್ಣ ಕಾರು ನಿಂತಿರುತ್ತದೆ. ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಇಲ್ಲವೇ ನಮ್ಮ ಚೆನ್ನೈನದೇ ಆದ ಸ್ಯಾಂಟ್ರೊ. ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟೈ ಕಾರ್ಖಾನೆಯಿಂದ 1998ರಲ್ಲಿ ಅದು ಹೊರಬಂದಾಗ ಅದರ ಎತ್ತರದ ತಲೆ ನೋಡಿ ನಕ್ಕವರಿದ್ದರು. ಆಮೇಲೆ ಬೀದಿಗೊಂದರಂತೆ ಕಾಣಿಸಿತು. ಈಗ ಮಕ್ಕಳು "ಅಪ್ಪಾ, ಸಾಕು, ಕೊಟ್ಟುಬಿಡಿ" ಅನ್ನುತ್ತಾರೆ. ಮೆಕ್ಯಾನಿಕ್ "ಓಡುಂ ಸಾರ್" ಅನ್ನುತ್ತಾನೆ. ಓಡುತ್ತದೆ, ನಿಜ. ಎಷ್ಟು ದಿನ, ಎಷ್ಟು ಖರ್ಚಿನಲ್ಲಿ ಅನ್ನುವುದನ್ನು ಅವನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಎಲ್ಲರೂ ಮೊದಲು ನೋಡುವುದು ಮೀಟರನ್ನು. "ಎರಡು ಲಕ್ಷ ಕಿಲೋಮೀಟರ್ ಆಗಿಹೋಯಿತು!" ಆಗಲಿ ಬಿಡಿ. ನಮ್ಮವರು ಊರಿಗೆ ಓಡಾಡುವವರು. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬಂದರೆ ಸುಮಾರು 700 ಕಿ.ಮೀ., ವರ್ಷಕ್ಕೆ 8,400. ಆ ಹೆದ್ದಾರಿ ಓಟದಲ್ಲಿ ಎಂಜಿನ್ ಒಂದೇ ಹದದಲ್ಲಿರುತ್ತದೆ, ಕ್ಲಚ್ ತುಳಿಯುವುದೂ ಕಡಿಮೆ. ಮೇ ತಿಂಗಳ ಮಧ್ಯಾಹ್ನ ಎ.ಸಿ. ಹಾಕಿಕೊಂಡು ಟಿ. ನಗರದಲ್ಲಿ ಇಂಚಿಂಚಾಗಿ ಸಾಗುವ ಹತ್ತು ಕಿಲೋಮೀಟರ್ ಅದಕ್ಕಿಂತ ಹೆಚ್ಚು ಸವೆಸುತ್ತದೆ. ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ಮೀಟರನ್ನು ಹಿಂದಕ್ಕೆ ತಿರುಗಿಸುವ ಕಲೆಯಂತೂ ನಿಮಗೆ ಗೊತ್ತೇ ಇದೆ.

ನನ್ನ ಮಾತು ಇಷ್ಟು: ಈ ಊರಿನಲ್ಲಿ ಹಳೆಯ ಕಾರನ್ನು ಕೊಲ್ಲುವುದು ಕಿಲೋಮೀಟರ್ ಅಲ್ಲ, ತುಕ್ಕು. ಎಂಜಿನ್ ಬಿಚ್ಚಿ ಸರಿಮಾಡಬಹುದು, ಗೇರ್ ಬಾಕ್ಸ್ ಬೇರೆ ಹಾಕಬಹುದು. ತಳ ತಿಂದುಹೋದ ಕಾರಿಗೆ ಮದ್ದಿಲ್ಲ. ತಿರುವಾನ್ಮಿಯೂರ್, ಬೆಸೆಂಟ್ ನಗರ, ಸಾಂತೋಮ್ ಕಡೆ ಇರುವವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು. ಸಮುದ್ರದ ಉಪ್ಪುಗಾಳಿ ರಾತ್ರಿಯಿಡೀ ಕೆಲಸ ಮಾಡುತ್ತಿರುತ್ತದೆ.

ಮುಂದಿನ ಸರ್ವಿಸ್‌ನಲ್ಲಿ ಕಾರನ್ನು ಮೇಲೆತ್ತಿದಾಗ ಕಾಫಿಗೆ ಹೋಗಬೇಡಿ. ಟಾರ್ಚ್ ಹಿಡಿದು ಕೆಳಗೆ ನಿಲ್ಲಿ. ಎರಡೂ ಪಕ್ಕದ ಅಂಚು, ಚಕ್ರದ ಮೇಲಿನ ಗೂಡು, ಸಸ್ಪೆನ್ಷನ್ ಕೂರುವ ಜಾಗ, ಹಿಂದೆ ಸ್ಟೆಪ್ನಿ ಇಡುವ ಗುಂಡಿ, ಇವನ್ನೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅಂದರೆ ಸರಿ. ಮೆತ್ತಗೆ ಬೊದ್ ಅಂದರೆ ಒಳಗೆ ಲೋಹ ಉಳಿದಿಲ್ಲ. ಬಾಗಿಲಿನ ತಳ ತಿಂದಿದ್ದರೆ ಟಿಂಕರಿಂಗ್ ಮಾಡಿಸಿ ನಾಲ್ಕು ವರ್ಷ ತಳ್ಳಬಹುದು. ಸಸ್ಪೆನ್ಷನ್ ಕೂರುವ ಜಾಗವೇ ತಿಂದಿದ್ದರೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿ ಓಡಿಸುವುದು ನಿಮ್ಮ ಪ್ರಾಣಕ್ಕೂ ಎದುರಿಗೆ ಬರುವವರ ಪ್ರಾಣಕ್ಕೂ ಅಪಾಯ. ಅಲ್ಲಿಗೆ ಕೈಬಿಡಬೇಕು. ಒಳಗಿನ ಮ್ಯಾಟ್ ಎತ್ತಿಯೂ ನೋಡಿ. ಎ.ಸಿ. ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ನೀರೆಲ್ಲ ಕಾರ್ಪೆಟ್ ಕೆಳಗೆ ನಿಂತು ತಳವನ್ನು ಒಳಗಿನಿಂದ ತಿನ್ನುತ್ತದೆ. ಬಾಗಿಲಿನ ಕೆಳಗಿರುವ ಸಣ್ಣ ತೂತುಗಳನ್ನೂ ಕಡ್ಡಿ ಹಾಕಿ ಬಿಡಿಸಿಡಿ.

ತಳ ಗಟ್ಟಿಯಿದೆಯೆಂದಾದರೆ ಕಾರು ಉಳಿಸಿಕೊಳ್ಳಲು ಯೋಗ್ಯ. ಆಮೇಲೆ ನೋಡಬೇಕಾದ್ದು ಬಿಸಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಇಲ್ಲಿನ ಗಡಸು ನೀರು ಬಿಸಿನೀರಿನ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದೇ. ಕೂಲೆಂಟನ್ನೇ ಹಾಕಿಸಿ. ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಮೇಲೇರಿ, ಓಡಿದಾಗ ಇಳಿದರೆ ಮೊದಲು ಫ್ಯಾನ್ ತಿರುಗುತ್ತಿದೆಯೇ ನೋಡಿಸಿ. ಎಂಜಿನ್ ಆಯಿಲ್ ಹಾಲು ಬೆರೆತಂತೆ ಬೆಳ್ಳಗೆ ಕಂಡರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಅಂಥ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಎಳೆಸಿಕೊಂಡು ಹೋಗಿ.

ನಿವೃತ್ತರಾದವರಿಗೆ ಒಂದು ಮಾತು. "ದೇವಸ್ಥಾನಕ್ಕೆ ಬಿಟ್ಟರೆ ಕಾರು ತೆಗೆಯುವುದೇ ಇಲ್ಲ" ಅನ್ನುತ್ತೀರಿ. ಟೈಮಿಂಗ್ ಬೆಲ್ಟ್ ರಬ್ಬರಿನದು. ನಿಂತಲ್ಲೇ ಅದಕ್ಕೂ ವಯಸ್ಸಾಗುತ್ತದೆ. ಕಡಿದರೆ ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬೆಲ್ಟ್ ಬದಲಾಯಿಸುವ ಖರ್ಚೆಲ್ಲಿ, ಹೆಡ್ ಬಿಚ್ಚುವ ಖರ್ಚೆಲ್ಲಿ! ಟೈರ್ ಕೂಡ ಹಾಗೆಯೇ. ಗುಂಡಿ ಸವೆದಿಲ್ಲವೆಂದು ನಂಬಬೇಡಿ, ಪಕ್ಕದಲ್ಲಿ ಅಚ್ಚಾದ ತಯಾರಿಕೆಯ ವಾರ, ವರ್ಷ ಓದಿ.

ಬಿಡಿಭಾಗಕ್ಕೆ ಚೆನ್ನೈನಷ್ಟು ಅನುಕೂಲದ ಊರು ಕಡಿಮೆ. ಹೊಸದಕ್ಕೆ ಮೌಂಟ್ ರೋಡ್ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆ, ಹಳೆಯದಕ್ಕೆ ಎಗ್ಮೋರ್ ಬಳಿಯ ಪುದುಪೇಟೆ. ಬಾಗಿಲು, ಕನ್ನಡಿ, ಸೀಟು, ಲೈಟನ್ನು ಪುದುಪೇಟೆಯಲ್ಲಿ ಕೊಳ್ಳಿ. ಬ್ರೇಕ್, ಸ್ಟೀರಿಂಗ್ ಭಾಗಗಳನ್ನು ಮಾತ್ರ ಎಷ್ಟೇ ಅಗ್ಗವಾದರೂ ಹಳೆಯದು ಬೇಡ.

ಪೆಟ್ರೋಲ್ ಬಗ್ಗೆ ಬಹಳ ಮಂದಿಗೆ ಭಯವಿದೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ್ದು. ಹಳೆಯ ಕಾರುಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು 20-30 ಸಾವಿರ ಕಿ.ಮೀ. ನಂತರ ಬದಲಾಯಿಸಬೇಕಾಗಬಹುದು ಎಂದು ಕೇಂದ್ರ ಸರ್ಕಾರವೇ 2025ರಲ್ಲಿ ಹೇಳಿತು. ಮೈಲೇಜೂ ಸ್ವಲ್ಪ ಇಳಿಯುತ್ತದೆ. ಇಂಧನದ ಪೈಪ್‌ಗಳನ್ನು ಪ್ರತಿ ಸರ್ವಿಸ್‌ನಲ್ಲಿ ಮುಟ್ಟಿ ನೋಡಿಸಿ, ಪೆಟ್ರೋಲ್ ವಾಸನೆ ಬಂದರೆ ತಡಮಾಡಬೇಡಿ.

ಕಾಗದಪತ್ರದ ಲೆಕ್ಕಕ್ಕೆ ಬರೋಣ. ಹದಿನೈದು ವರ್ಷದ ಪೆಟ್ರೋಲ್ ಕಾರಿಗೆ ಇಲ್ಲಿ ನಿಷೇಧವಿಲ್ಲ. ಆದರೆ ಹದಿನೈದಾದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದು ನಿಗದಿಯಾಯಿತು. ತಮಿಳುನಾಡಿನ ಹಸಿರು ತೆರಿಗೆ ಇದರ ಮೇಲೆ. ಐದು ವರ್ಷಕ್ಕೆ ಹಂಚಿದರೆ ಹತ್ತು ಸಾವಿರವೂ ತಿಂಗಳಿಗೆ 170 ರೂಪಾಯಿಗಿಂತ ಕಡಿಮೆ. ಹೊಸ ಕಾರಿನ ಕಂತಿನ ಪಕ್ಕದಲ್ಲಿಟ್ಟು ನೋಡಿ.

ಕೆ.ಎ. ನಂಬರ್ ಕಾರು ತಂದಿರುವ ನಮ್ಮ ಜನ ಇನ್ನೊಂದು ನೆನಪಿಡಬೇಕು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಮೂಲ ಆರ್‌ಟಿಓದ ಎನ್‌ಓಸಿ ಬೇಕು, ಇಲ್ಲಿನ ತೆರಿಗೆಯೂ ಬರುತ್ತದೆ. "ಊರಿಗೆ ಹೋದಾಗ ನೋಡೋಣ" ಎಂದು ಎಂಟು ವರ್ಷ ತಳ್ಳಿದರೆ, ನವೀಕರಣದ ಹೊತ್ತಿಗೆ ಎರಡೂ ಒಟ್ಟಿಗೆ ತಲೆಮೇಲೆ ಕೂರುತ್ತವೆ.

ಕೊನೆಯದಾಗಿ ಮಳೆ. 2015ರ ಡಿಸೆಂಬರ್, 2023ರ ಮಿಚಾಂಗ್ ಎರಡನ್ನೂ ನೀವು ಕಂಡಿದ್ದೀರಿ. 2024ರ ಅಕ್ಟೋಬರ್‌ನಲ್ಲಿ ಮಳೆಯ ಎಚ್ಚರಿಕೆ ಬಂದ ಕೂಡಲೇ ವೇಳಚ್ಚೇರಿಯವರು ಕಾರುಗಳನ್ನು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿದ್ದನ್ನು ನೋಡಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಹಳೆಯ ಕಾರಿಗೆ ಬಹಳ ಮಂದಿ ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿರುತ್ತಾರೆ, ಅದರಲ್ಲಿ ನೆರೆಯ ನಷ್ಟಕ್ಕೆ ಒಂದು ಕಾಸೂ ಬರುವುದಿಲ್ಲ. ಮುಳುಗಿದ ಕಾರಿನ ಕೀ ತಿರುಗಿಸಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಆ ಒಂದು ತಿರುವಿಗೆ ಎಂಜಿನ್ ಮುರಿಯುತ್ತದೆ. ಬ್ಯಾಟರಿ ಬಿಚ್ಚಿಸಿ, ಎಳೆಸಿಕೊಂಡು ಹೋಗಿ.

ಕೊಡುವುದೇ ಎಂದಾದರೆ ಗುಜರಿಯವನ ಕೈಗೆ ಹಾಗೇ ಒಪ್ಪಿಸಬೇಡಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಿರಿ, ಆರ್‌ಸಿ ರದ್ದಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಕಾರು ಹೋದರೂ ಕಾಗದದಲ್ಲಿ ನಿಮ್ಮ ಹೆಸರಲ್ಲೇ ಓಡುತ್ತಿರುತ್ತದೆ.