ನೌಕರನ ಮೂಗು ಮತ್ತು ಸೀಸವಿಲ್ಲದ ಉಪ್ಪು

(ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಏಳನೇ ತರಗತಿಯವರೆಗೆ ಓದಿದವನು ವಿಜ್ಞಾನದ ಮೇಲೆ ಭಾಷಣ ಮಾಡಲು ನಿಂತಿದ್ದಾನೆಂದು ನಗುವವರು ನಗಲಿ. ವಿಷಯ ನಮ್ಮ ಅಡಿಗೆಮನೆಯದು. ಆದ್ದರಿಂದ ಮಾತನಾಡುವ ಹಕ್ಕು ನನಗಿದೆಯೆಂದು ತಿಳಿದಿದ್ದೇನೆ.

ಮುಂಬಯಿಗೆ ಬರುವ ಮೊದಲು ನಾನು ವಿಜಯವಾಡದ ಹತ್ತಿರ, ಕೊಂಡಪಲ್ಲಿಯಲ್ಲಿ ಒಂದು ಹೋಟೆಲಿನಲ್ಲಿದ್ದೆ. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಮರದ ಗೊಂಬೆ ಮಾಡುವವರ ಮನೆಗಳು, ಆಚೆಗೆ ಕಾರ್ಖಾನೆಗಳು. ಗೊಂಬೆಯವರೂ ಕಾರ್ಖಾನೆಯವರೂ ಇಡ್ಲಿಗೆ ನಮ್ಮಲ್ಲಿಗೇ ಬರುತ್ತಿದ್ದರು. ನಾವು ಹುಡುಗರು ರಾತ್ರಿ ಅಡಿಗೆಮನೆಯ ನೆಲದ ಮೇಲೆಯೇ ಮಲಗುತ್ತಿದ್ದೆವು. ಒಂದು ಮಳೆಗಾಲದ ಬೆಳಗಿನ ಜಾವ ನಾನೆದ್ದು ಒಲೆ ಹಚ್ಚಲು ಬೆಂಕಿಪೆಟ್ಟಿಗೆ ತೆಗೆದೆ. ಆಗ ತಾನೇ ಹೊರಗಿನಿಂದ ಬಂದ ಅಡಿಗೆ ಭಟ್ಟರು ನನ್ನ ಕೈಗೆ ಹೊಡೆದು ಪೆಟ್ಟಿಗೆ ಬೀಳಿಸಿದರು. ಸಿಲಿಂಡರಿನ ಕೊಳವೆ ಸೋರುತ್ತಿತ್ತು. ಭಟ್ಟರಿಗೆ ಬಾಗಿಲಲ್ಲೇ ವಾಸನೆ ಬಡಿದಿತ್ತು. ಒಳಗೇ ಮಲಗಿದ್ದ ನಮಗೆ ಏನೂ ತಿಳಿದಿರಲಿಲ್ಲ. ಆಮೇಲೆ ಧಣಿ ಬಂದು ಕೇಳಿದ್ದು ಒಂದೇ ಮಾತು: "ನಿನಗೆ ಮೂಗಿಲ್ಲವೇನೋ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಬಹಳ ವರ್ಷ ಬೇಕಾಯಿತು. ಅಡಿಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಮರ್ಕಾಪ್ಟಾನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಆದರೆ ಮನುಷ್ಯನ ಮೂಗು ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಅದನ್ನು ಮರೆಯುತ್ತದೆ. ನೆಗಡಿಯಾದರಂತೂ ಮುಗಿಯಿತು. ಈ ಅನಿಲ ಗಾಳಿಗಿಂತ ಭಾರ. ನೆಲದ ಮೇಲೇ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ 2 ಪಾಲು ಸೇರಿದರೆ ಒಂದು ಕಿಡಿ ಸಾಕು. ನೆಲದ ಮೇಲೆ ಮಲಗುವವರು ಯಾರು? ಧಣಿಗಳಲ್ಲ.

ಹಾಗಾದರೆ ಮರೆಯದ ಮೂಗು ಬೇಕು. ಜಪಾನಿನ ನವೋಯೋಶಿ ತಗುಚಿ ಎಂಬವರು 1962ರಲ್ಲಿ ಅಂಥದೊಂದಕ್ಕೆ ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ಜೀವ ತವರದ ಆಕ್ಸೈಡು. ತವರವೆಂದರೆ ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಲೋಹವೇ. ಕಾಯಿಸಿದ ಈ ಆಕ್ಸೈಡಿನ ಮೇಲ್ಮೈಯಲ್ಲಿ ಗಾಳಿಯ ಆಮ್ಲಜನಕ ಕುಳಿತು ವಿದ್ಯುತ್ತಿನ ದಾರಿಗೆ ಅಡ್ಡ ನಿಲ್ಲುತ್ತದೆ. ಉರಿಯುವ ಅನಿಲ ಬಂದಾಗ ಆ ಆಮ್ಲಜನಕ ಅದರೊಡನೆ ಸೇರಿ ಹೋಗುತ್ತದೆ, ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಗಂಟೆ ಬಾರಿಸುತ್ತದೆ. ಇಂಥ ಯಂತ್ರ ಇಂದು ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಕಷ್ಟ, ಒಳಗಿನ ಪುಟ್ಟ ಹೀಟರು 200ರಿಂದ 400 ಡಿಗ್ರಿಯವರೆಗೆ ಕಾದಿರಬೇಕು.

ಈಗ ವಿಜ್ಞಾನಿಗಳು ಹೊಸ ಜಾತಿಯ ವಸ್ತುಗಳನ್ನು ಪರೀಕ್ಷಿಸುತ್ತಿದ್ದಾರೆ. ಇವಕ್ಕೆ ಲೋಹದ ಹ್ಯಾಲೈಡುಗಳೆಂದು ಹೆಸರು. ಹೆಸರಿಗೆ ಹೆದರಬೇಡಿ. ನಾವು ಸಾಂಬಾರಿಗೆ ಹಾಕುವ ಉಪ್ಪೂ ಒಂದು ಹ್ಯಾಲೈಡೇ: ಸೋಡಿಯಂ ಮತ್ತು ಕ್ಲೋರೀನು. ಕ್ಲೋರೀನಿನ ಬದಲು ಬ್ರೋಮೀನು, ಅಯೋಡೀನು. ಸೋಡಿಯಮ್ಮಿನ ಬದಲು ಬೇರೆ ಲೋಹಗಳು. ಇವುಗಳಲ್ಲಿ ಕೆಲವು, ಅನಿಲ ತಾಗಿದೊಡನೆ, ಕಾಯಿಸದೆ ಸಾಧಾರಣ ಉಷ್ಣದಲ್ಲಿಯೇ ತಮ್ಮ ವಿದ್ಯುತ್ ಗುಣವನ್ನು ಬದಲಿಸುತ್ತವೆ. ಅನಿಲ ಹೋದರೆ ಮೊದಲಿನಂತಾಗುತ್ತವೆ. ಐಸ್ ಕಾರ್ಖಾನೆಯವರ ಶತ್ರುವಾದ ಅಮೋನಿಯಾ, ವಾಹನದ ಹೊಗೆಯ ನೈಟ್ರೋಜನ್ ಡೈಆಕ್ಸೈಡು ಮುಂತಾದವುಗಳ ಮೇಲೆ ಪರೀಕ್ಷೆಗಳಾಗಿವೆ.

ಮೊದಲು ಹೆಸರಾದವು ಸೀಸ ಸೇರಿದ ಹ್ಯಾಲೈಡುಗಳು. 2009ರಲ್ಲಿ ಜಪಾನಿನಲ್ಲಿ ಅವನ್ನು ಸೌರಕೋಶಕ್ಕೆ ಬಳಸಿದ ಮೇಲೆ ಜಗತ್ತೆಲ್ಲ ಅದರ ಹಿಂದೆ ಹೊರಟಿತು. ಆದರೆ ಸೀಸ ವಿಷ. ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಕಲಾಯಿಯ ತವರಕ್ಕೆ ಸೀಸ ಬೆರೆಸಿದರೆ ಅನ್ನವೇ ವಿಷವಾಗುತ್ತದೆಂದು ಹಳೆಯ ಭಟ್ಟರಿಗೂ ಗೊತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಕೊಂಡಪಲ್ಲಿಯಲ್ಲಿ ತೆಲ್ಲ ಪೊಣಿಕಿ ಎಂಬ ಹಗುರ ಮರ ಕೆತ್ತಿ ಗೊಂಬೆ ಮಾಡುವವನಿಗೆ ಇದನ್ನು ವಿವರಿಸಬೇಕಿಲ್ಲ. ಗೊಂಬೆ ಮಗುವಿನ ಬಾಯಿಗೆ ಹೋಗುತ್ತದೆ.

ಅನಿಲ ಪತ್ತೆಯ ಯಂತ್ರವೂ ಒಂದು ದಿನ ಹಾಳಾಗುತ್ತದೆ. ಹಾಳಾದುದು ಗುಜರಿಗೆ ಹೋಗುತ್ತದೆ. ಅಲ್ಲಿ ಬರಿಗೈಯಲ್ಲಿ ಬಿಚ್ಚುವವನೂ ಕೂಲಿಯವನೇ. ಹೋಟೆಲ್ ನೌಕರನನ್ನು ಉಳಿಸಿದ ಯಂತ್ರ ಗುಜರಿಯ ಹುಡುಗನಿಗೆ ವಿಷ ಉಣಿಸಬೇಕೆ? ಅದಕ್ಕೇ ಸೀಸದ ಜಾಗದಲ್ಲಿ ತವರ, ತಾಮ್ರ, ಬಿಸ್ಮತ್, ಬೆಳ್ಳಿ ಇಟ್ಟು ನೋಡುತ್ತಿದ್ದಾರೆ. ಬಿಸ್ಮತ್ ಹೊಟ್ಟೆನೋವಿನ ಔಷಧಿಗಳಲ್ಲೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸೀಸವಿಲ್ಲದ ಹ್ಯಾಲೈಡುಗಳ ಮೇಲೆ ಕೆಲಸ ನಡೆದಿದೆ.

ಕೊರತೆಯನ್ನೂ ಹೇಳಬೇಕು. ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರು ಬಿಡುವುದನ್ನು ನೋಡಿದ್ದೀರಿ. ಈ ಉಪ್ಪುಗಳಲ್ಲಿ ಹಲವನ್ನು ತೇವ ಕೆಡಿಸುತ್ತದೆ. ತವರದವು ಗಾಳಿಗೇ ಕೆಡುತ್ತವೆ. ಇಡ್ಲಿ ಹಬೆಯ ನಮ್ಮ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ಬಾಳುವುದನ್ನು ತೋರಿಸಿದ ಮೇಲೆಯೇ ನಾವು ಒಪ್ಪಬೇಕು.

ಕೊನೆಯದಾಗಿ ವಿಶಾಖಪಟ್ಟಣದ ಮಾತು. 2020ರ ಮೇ 7ರ ಬೆಳಗಿನ ಜಾವ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಸೋರಿತು. ವೆಂಕಟಾಪುರಂನ ಜನ ಮಲಗಿದ್ದರು. 12 ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಕಾರ್ಖಾನೆಯಲ್ಲಿ ಸೈರನ್ ಇತ್ತು, ಅದನ್ನು ಬಾರಿಸಲಿಲ್ಲವೆಂದು ಸರಕಾರದ ಉನ್ನತಾಧಿಕಾರ ಸಮಿತಿಯೇ ಹೇಳಿತು. ಯಂತ್ರದ ಮೂಗು ಎಷ್ಟು ಚುರುಕಾಗಿದ್ದರೂ ಗಂಟೆ ಬಾರಿಸುವ ಮನಸ್ಸಿಲ್ಲದಿದ್ದರೆ ಏನು ಪ್ರಯೋಜನ?

ಆದ್ದರಿಂದ ನಮ್ಮ ಬೇಡಿಕೆ ಮೂರು. ಹೊಸ ಉಪ್ಪು ಬರಲೆಂದು ಕಾಯದೆ, ಇಂದು ಸಿಗುವ ಯಂತ್ರವನ್ನು ಪ್ರತಿ ಹೋಟೆಲಿನ ಅಡಿಗೆಮನೆಯಲ್ಲಿ, ನೆಲದ ಸಮೀಪ, ಧಣಿಯ ಖರ್ಚಿನಲ್ಲಿ ಹಾಕಿಸಬೇಕು. ಅದು ಕೂಗಿದಾಗ ಒಲೆ ಆರಿಸಿ ಹೊರಗೆ ಹೋದ ನೌಕರನ ಸಂಬಳ ಕಡಿಯಬಾರದು. ಅಡಿಗೆಮನೆಯಲ್ಲಿ ಯಾರನ್ನೂ ಮಲಗಿಸಬಾರದು.

"ನಿನಗೆ ಮೂಗಿಲ್ಲವೇನೋ" ಎಂದು ಕೇಳಿದ ಧಣಿಗೆ ಅಂದು ನಾನು ತಲೆ ತಗ್ಗಿಸಿದ್ದೆ. ಇಂದು ಕೇಳಿದರೆ ಹೇಳುತ್ತೇನೆ: ಮೂಗು ಇದೆ ಸ್ವಾಮಿ, ಅದು ಉಸಿರಾಡುವುದಕ್ಕೆ. ಕಾವಲಿಗೆ ಬೇರೆ ಏರ್ಪಾಡು ಮಾಡಿ.