ಹಾಜರಿ ಪುಸ್ತಕ ಮತ್ತು ಬೆಟ್ಟದ ಬಸವನಹುಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಲು ಸೂಚಿಸಿದ್ದಾರೆ. ನಾನು ಬಸವನಹುಳುವಿನ ವಿಷಯ ಹೇಳುತ್ತೇನೆ. ದಯವಿಟ್ಟು ನಗಬೇಡಿ.

ನಮ್ಮ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರು. ಮೇಷ್ಟ್ರು ಇನಿಷಿಯಲ್ ಸೇರಿಸಿಯೇ ಹಾಜರಿ ಕರೆಯುತ್ತಿದ್ದರು. ಒಬ್ಬನ ಹಾಜರಿ ಇನ್ನೊಬ್ಬನ ಲೆಕ್ಕಕ್ಕೆ ಬಿದ್ದರೆ ವಿದ್ಯಾರ್ಥಿವೇತನಕ್ಕೇ ಕುತ್ತು! ಜೀವಿಗಳ ವರ್ಗೀಕರಣವೂ ಇಂಥದೇ ಒಂದು ಹಾಜರಿ ಪುಸ್ತಕ.

ನ್ಯೂಜಿಲೆಂಡಿನ ಬೆಟ್ಟಕಾಡುಗಳಲ್ಲಿ ಪವೆಲಿಫ್ಯಾಂಟಾ ಎಂಬ ಕುಲದ ದೊಡ್ಡ ಬಸವನಹುಳುಗಳಿವೆ. ಕೆಲವುಗಳ ಚಿಪ್ಪು 9 ಸೆಂಟಿಮೀಟರಿನಷ್ಟು ಅಗಲ. ನಮ್ಮ ತೋಟದವುಗಳಂತೆ ಇವು ಸೊಪ್ಪು ತಿನ್ನುವುದಿಲ್ಲ. ರಾತ್ರಿ ಹೊರಬಂದು ಎರೆಹುಳು ನುಂಗುತ್ತವೆ. ಹಗಲಲ್ಲಿ ಒದ್ದೆ ತರಗೆಲೆಯ ಅಡಿಯಲ್ಲಿ ಅಡಗಿರುತ್ತವೆ. ನಡಿಗೆ ಬಲು ನಿಧಾನ, ಒಣ ನೆಲ ದಾಟಲಾರವು. ಹೀಗಾಗಿ ಒಂದು ಬೆಟ್ಟದವು ಇನ್ನೊಂದು ಬೆಟ್ಟದವನ್ನು ಸೇರದೆ, ಬಹುಕಾಲದಲ್ಲಿ ಬೇರೆ ಬೇರೆ ರೂಪ ತಳೆದಿವೆ.

ಈ ರೂಪಗಳಿಗೆ ಹೆಸರು ಕೊಡುವುದು ಹೇಗೆ? ಪವೆಲಿಫ್ಯಾಂಟಾ ಹಾಕ್‌ಸ್ಟೆಟರಿ ಎಂಬುದು ಒಂದು ಪ್ರಭೇದ. ಅದರೊಳಗೆ ಹಲವು ಉಪಪ್ರಭೇದಗಳಿವೆ. ಉಪಪ್ರಭೇದಕ್ಕೆ ಮೂರನೆಯ ಪದವೊಂದು ಸೇರುತ್ತದೆ. 'ಅನಟೋಕಿಯೆನ್ಸಿಸ್' ಎಂದರೆ ಅನಟೋಕಿ ಎಂಬ ಸ್ಥಳದ್ದು. 'ಬೈಕಲರ್' ಎಂದರೆ ಎರಡು ಬಣ್ಣದ್ದು. ನಾವು ಊರಿನ ಹೆಸರು ಸೇರಿಸಿ ಮನುಷ್ಯರನ್ನು ಗುರುತಿಸಿದ ಹಾಗೆ. ಹಿಂದೆ ಚಿಪ್ಪಿನ ಬಣ್ಣ, ಪಟ್ಟೆ, ಅಳತೆ ನೋಡಿ ತೀರ್ಮಾನಿಸುತ್ತಿದ್ದರು. ಈಗ ಡಿಎನ್‌ಎ ಪರೀಕ್ಷೆಯನ್ನೂ ಮಾಡುತ್ತಾರೆ. ಏಕೆಂದರೆ ಚಿಪ್ಪು ಒಂದೇ ತೆರನಾಗಿ ಕಂಡರೂ ಒಳಗಿನ ಸಂಬಂಧ ದೂರದ್ದಿರಬಹುದು.

ಹೆಸರಿನಿಂದ ಏನಾಗಬೇಕು ಎಂದು ಕೇಳಬಹುದು. 1996ರಲ್ಲಿ ಗಿಡಮರ ನೋಡಲು ಹೊರಟ ಸಸ್ಯಾಸಕ್ತರ ತಂಡವೊಂದಕ್ಕೆ ಮೌಂಟ್ ಅಗಸ್ಟಸ್ ಎಂಬ ಬೆಟ್ಟದಲ್ಲಿ ಇಂಥ ಚಿಪ್ಪುಗಳು ಸಿಕ್ಕವು. ಅದು ಪಕ್ಕದ ಬೆಟ್ಟದ ಹುಳುವಿನ ಇನ್ನೊಂದು ರೂಪವೋ, ಬೇರೆಯೇ ಪ್ರಭೇದವೋ? ಇನ್ನೊಂದು ರೂಪವಾದರೆ ಆ ಬೆಟ್ಟ ಹೋದರೂ ಬಳಗ ಉಳಿಯುತ್ತದೆ. ಬೇರೆಯೇ ಆಗಿದ್ದರೆ ಬೆಟ್ಟದೊಂದಿಗೆ ವಂಶವೇ ಹೋಗುತ್ತದೆ. ಆ ಬೆಟ್ಟದ ಅಡಿಯಲ್ಲಿದ್ದುದು ಕಲ್ಲಿದ್ದಲು.

ಬೇರೆಯೇ ಎಂದು ಡಿಎನ್‌ಎ ಹೇಳಿತು. ಆದರೆ ಗಣಿ ನಿಲ್ಲಲಿಲ್ಲ. ಸುಮಾರು 6,000 ಹುಳುಗಳನ್ನು ಆಯ್ದು, ಕೆಲವನ್ನು ಬೇರೆ ಕಡೆ ಬಿಟ್ಟು, ಉಳಿದವನ್ನು ಡಬ್ಬಿಗಳಲ್ಲಿ ಹಾಕಿ ಶೀತಲ ಕೋಣೆಯಲ್ಲಿ ಸಾಕಿದರು. 2011ರಲ್ಲಿ ಒಂದು ಕೋಣೆಯ ತಾಪ ನಿಯಂತ್ರಣ ಕೆಟ್ಟು ಸುಮಾರು 800 ಹುಳುಗಳು ಚಳಿಗೆ ಸತ್ತವು.

ಪವೆಲಿಫ್ಯಾಂಟಾ ಅಗಸ್ಟಾ ಎಂದು ಅದಕ್ಕೆ ವಿಧಿವತ್ತಾಗಿ ಹೆಸರಿಟ್ಟದ್ದು 2008ರಲ್ಲಿ. ಆ ಪ್ರಬಂಧದ ಶೀರ್ಷಿಕೆಯಲ್ಲೇ ಅದರ 'ಹಿಂದಿನ ನೆಲೆ'ಯ ವರ್ಣನೆ ಎಂಬ ಮಾತಿದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವ ಹೊತ್ತಿಗೆ ಹುಡುಗನ ಮನೆಯೇ ಇರಲಿಲ್ಲ.

ಮಕ್ಕಳೇ, ಮೊದಲು ಚಿಪ್ಪು ಹೆಕ್ಕಿದವರು ಬಸವನಹುಳು ಹುಡುಕಲು ಹೋದವರಲ್ಲ. ಗಿಡ ನೋಡಲು ಹೋದವರು, ಕಣ್ಣು ತೆರೆದು ನಡೆದವರು. ಯಾವ ಚಿಪ್ಪೇ ಆಗಲಿ, ಎಲ್ಲಿ ಯಾವಾಗ ಸಿಕ್ಕಿತು ಎಂಬ ಚೀಟಿ ಇಲ್ಲದಿದ್ದರೆ ಅದರಿಂದ ತಿಳಿಯುವುದು ಕಡಿಮೆ. ಚೀಟಿ ಇದ್ದರೆ ಅದು ಸಾಕ್ಷಿ.

ಅದಕ್ಕೇ ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ದಪ್ಪ ರಿಜಿಸ್ಟರ್ ತಂದಿದ್ದೇನೆ. ಬೇಲಿಯಲ್ಲಿ, ಕೆರೆ ಏರಿಯಲ್ಲಿ, ಗುಡ್ಡದಲ್ಲಿ ಕಂಡ ಹುಳು, ಹಕ್ಕಿ, ಚಿಟ್ಟೆಗಳನ್ನು ಜಾಗ, ದಿನಾಂಕ ಸಮೇತ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆದು, ಹೆಸರಿನ ಜಾಗ ಖಾಲಿ ಬಿಡಿ. ಮುಂದೆ ನಿಮ್ಮಲ್ಲೇ ಯಾರಾದರೂ ತುಂಬುತ್ತೀರಿ.

ಹೆಡ್‌ಮಾಸ್ಟರರು ಇದನ್ನು ಸ್ವೀಕರಿಸಬೇಕೆಂದು ಕೋರುತ್ತೇನೆ.