ಕಂಪನಿಗಾಗಿ ಕಾಯದವರ ನಾಲ್ಕು ಆಲ್ಬಂಗಳು

(ಯುವಕರ ಸಂಜೆಯ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿವರೆಗೆ ಓದಿ ಅಪ್ಪನ ಪ್ರೆಸ್ಸಿಗೆ ಬಂದು ನಿಂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ರಾಜ್ಯೋತ್ಸವದ ಪೋಸ್ಟರು, ಇವೇ ನನ್ನ ಸಾಹಿತ್ಯ. ನಿಮ್ಮ ಹುಡುಗರು ಪೋಸ್ಟರ್ ಮಾಡಿಸಲು ಬಂದಾಗ ನನ್ನ ಪ್ರೆಸ್ಸಿನಲ್ಲಿ ರಾಕ್ ಹಾಡು ಅಬ್ಬರಿಸುತ್ತಿತ್ತು. ‘ಅಣ್ಣಾ, ನೀವೂ ಇದನ್ನೆಲ್ಲಾ ಕೇಳ್ತೀರಾ?’ ಅಂತ ಬೆರಗಾದರು. ‘ಹಾಗಾದರೆ ಬಂದು ಇದರ ಬಗ್ಗೆಯೇ ಮಾತಾಡಿ’ ಎಂದು ಎಳೆದು ತಂದಿದ್ದಾರೆ.

ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಕನ್ನಡದ ಸಭೆಯಲ್ಲಿ ಅಮೆರಿಕದ ಕೂಗಾಟ ಯಾಕೆ? ನ್ಯಾಯವಾದ ಪ್ರಶ್ನೆ. ಉತ್ತರ ಕೊನೆಗೆ ಹೇಳುತ್ತೇನೆ. ಮೊದಲು ಲೆಕ್ಕ ಕೇಳಿ. ನಾನು ಲೆಕ್ಕದ ಮನುಷ್ಯ.

೧೯೯೮ರಲ್ಲಿ ಕಾಲೇಜು ಉತ್ಸವದ ಪೋಸ್ಟರ್ ಮಾಡಿಸಲು ಬಂದ ಹುಡುಗನೊಬ್ಬ ಬಾಕಿ ಹಣಕ್ಕೆ ಅಡವಿಟ್ಟ ಹಾಗೆ ಒಂದು ಕ್ಯಾಸೆಟ್ ಬಿಟ್ಟುಹೋದ. ಬಾಕಿ ಇವತ್ತಿಗೂ ಬಂದಿಲ್ಲ. ಕ್ಯಾಸೆಟ್ ನನ್ನದಾಯಿತು. ಅದರ ಬೆನ್ನು ಹತ್ತಿ ಉಳಿದವನ್ನು ಹುಡುಕಿದೆ. ಕೊನೆಗೆ ನೋಡಿದರೆ ನನಗೆ ಅತಿ ಇಷ್ಟವಾದ ನಾಲ್ಕೂ ಆಲ್ಬಂ ಒಂದೇ ವರ್ಷದವು, ೧೯೮೪ರವು!

ಆ ವರ್ಷ ಅಮೆರಿಕದಲ್ಲಿ ಎಲ್ಲೆಲ್ಲೂ ಬ್ರೂಸ್ ಸ್ಪ್ರಿಂಗ್‌ಸ್ಟೀನನ ‘ಬಾರ್ನ್ ಇನ್ ದ ಯು.ಎಸ್.ಎ.’, ಪ್ರಿನ್ಸ್‌ನ ‘ಪರ್ಪಲ್ ರೇನ್’. ಅವು ಕೆಟ್ಟವೆಂದು ನಾನು ಹೇಳುವುದಿಲ್ಲ. ಆದರೆ ಅವುಗಳ ಹಿಂದೆ ದೊಡ್ಡ ಕಂಪನಿಗಳ ಹಣ, ಜಾಹೀರಾತು, ಟಿವಿ ಎಲ್ಲಾ ಇತ್ತು. ನನ್ನ ನಾಲ್ಕು ಆಲ್ಬಂಗಳ ಹಿಂದೆ ಇದ್ದದ್ದು ಒಂದು ಹಳೆಯ ವ್ಯಾನು, ನಾಲ್ಕು ಕಾಸು ಮತ್ತು ಹಟ. ಇಂಥದ್ದಕ್ಕೇ ಸ್ವತಂತ್ರ ರಾಕ್ ಎನ್ನುತ್ತಾರೆ.

ಇವುಗಳಲ್ಲಿ ಮೂರನ್ನು ಹೊರತಂದದ್ದು ಕ್ಯಾಲಿಫೋರ್ನಿಯಾದ ಎಸ್‌ಎಸ್‌ಟಿ. ಗ್ರೆಗ್ ಗಿನ್ ಎಂಬಾತ ಹನ್ನೆರಡು ವರ್ಷದ ಹುಡುಗನಾಗಿದ್ದಾಗ ರೇಡಿಯೋ ಸಾಮಾನು ಮಾರಲು ಶುರುಮಾಡಿದ ಪುಟ್ಟ ವ್ಯಾಪಾರದ ಹೆಸರು ಅದು. ಮುಂದೆ ತನ್ನ ‘ಬ್ಲ್ಯಾಕ್ ಫ್ಲ್ಯಾಗ್’ ತಂಡದ ಹಾಡು ಹೊರತರಲು ಯಾರೂ ಸಿಗದಾಗ ಅವನು ಟೆಲಿಫೋನ್ ಡೈರೆಕ್ಟರಿ ತೆಗೆದು ರೆಕಾರ್ಡ್ ಒತ್ತುವ ಕಾರ್ಖಾನೆ ಎಲ್ಲಿದೆ ಎಂದು ಹುಡುಕಿದ. ಅಷ್ಟೇ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಈಗ ನನ್ನ ಪಟ್ಟಿ.

ನಾಲ್ಕನೆಯದು ‘ಮೀಟ್ ಪಪೆಟ್ಸ್ ೨’. ಅರಿಜೋನಾದ ಮರುಭೂಮಿಯ ಕರ್ಟ್ ಮತ್ತು ಕ್ರಿಸ್ ಕರ್ಕ್‌ವುಡ್ ಎಂಬ ಅಣ್ಣತಮ್ಮ, ಜೊತೆಗೊಬ್ಬ ಡ್ರಮ್ಮರ್. ಕಂಠ ಶ್ರುತಿ ತಪ್ಪುತ್ತದೆ. ಹಳ್ಳಿ ಧಾಟಿಯ ಹಾಡು ಕೇಳುತ್ತಿದ್ದಂತೆ ಇದ್ದಕ್ಕಿದ್ದ ಹಾಗೆ ಪಂಕ್ ಗದ್ದಲ ಎದ್ದುಬಿಡುತ್ತದೆ. ಬಿಸಿಲಿಗೆ ತಲೆ ತಿರುಗಿದವನ ಸಂಗೀತ. ಮೊದಲ ಸಲ ನಕ್ಕೆ. ಮೂರನೇ ಸಲ ಸುಮ್ಮನಾದೆ. ೧೯೯೩ರಲ್ಲಿ ಲೋಕಪ್ರಸಿದ್ಧ ನಿರ್ವಾಣ ತಂಡ ಎಂಟಿವಿಯ ಕಾರ್ಯಕ್ರಮಕ್ಕೆ ಈ ಅಣ್ಣತಮ್ಮಂದಿರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಈ ಆಲ್ಬಮ್ಮಿನ ಮೂರು ಹಾಡು ಹಾಡಿತು. ಹೊರಗಿನ ಜಗತ್ತು ತಿರುಗಿ ನೋಡಲು ಒಂಬತ್ತು ವರ್ಷ ಬೇಕಾಯಿತು!

ಮೂರನೆಯದು ರಿಪ್ಲೇಸ್‌ಮೆಂಟ್ಸ್ ತಂಡದ ‘ಲೆಟ್ ಇಟ್ ಬಿ’. ಹೊರತಂದದ್ದು ಮಿನಿಯಾಪೊಲಿಸ್ ನಗರದ ಟ್ವಿನ್/ಟೋನ್. ಹೆಸರು ಬೀಟಲ್ಸ್ ಆಲ್ಬಮ್ಮಿನದೇ, ಬೇಕೆಂದೇ ಇಟ್ಟದ್ದು. ಎಷ್ಟು ಕೊಬ್ಬು ನೋಡಿ! ನಾಲ್ವರೂ ಮನೆಯ ಸೂರಿನ ಮೇಲೆ ಕುಳಿತ ಫೋಟೋ ಮುಖಪುಟದಲ್ಲಿದೆ. ತಂಡದ ಸ್ಟಿನ್ಸನ್ ಸಹೋದರರ ತಾಯಿಯ ಮನೆ ಅದು. ಪ್ರೆಸ್ಸಿನವನಾಗಿ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಮುಖಪುಟ ಹಣ ಸುರಿದರೂ ಬರುವುದಿಲ್ಲ. ಬೇಸ್ ನುಡಿಸಿದ ಟಾಮಿ ಸ್ಟಿನ್ಸನ್‌ಗೆ ಆಗಿನ್ನೂ ಹದಿನೇಳು. ಟಾನ್ಸಿಲ್ ತೆಗೆಸಿಕೊಳ್ಳುವ ತಮಾಷೆಯ ಹಾಡೂ ಇದರಲ್ಲಿದೆ. ಏನು ಮಾಡಿದರೂ ತೃಪ್ತಿಯಿಲ್ಲದ ಹುಡುಗನ ಎದೆ ಸೀಳಿ ಬರುವ ಹಾಡೂ ಇದೆ. ಹದಿನೆಂಟರ ವಯಸ್ಸಿನಲ್ಲಿ ನಾವೆಲ್ಲಾ ಹಾಗೇ ಇದ್ದೆವಲ್ಲವೇ?

ಎರಡನೆಯದು ನನ್ನ ಅಡವಿನ ಕ್ಯಾಸೆಟ್ಟು, ಹಸ್ಕರ್ ಡೂ ತಂಡದ ‘ಝೆನ್ ಆರ್ಕೇಡ್’. ಇವರೂ ಮಿನಿಯಾಪೊಲಿಸ್ ಸೀಮೆಯವರೇ. ತಂಡದ ಹೆಸರು ಅವರ ನುಡಿಯದಲ್ಲ, ಹಳೆಯ ಆಟವೊಂದರ ಡೇನಿಷ್ ಹೆಸರು. ಅರ್ಥ, ‘ನಿನಗೆ ನೆನಪಿದೆಯಾ?’ ಎರಡು ರೆಕಾರ್ಡ್, ಇಪ್ಪತ್ತಮೂರು ಹಾಡು, ಒಂದೇ ಕಥೆ. ಹುಡುಗ ಮನೆ ಬಿಟ್ಟು ಹೊರಡುತ್ತಾನೆ, ಹೊರಗಿನ ಲೋಕ ಮನೆಗಿಂತ ಕ್ರೂರವೆಂದು ತಿಳಿಯುತ್ತಾನೆ. ಬಾಬ್ ಮೌಲ್ಡನ ಗಿಟಾರು ತಗಡು ಹರಿದ ಹಾಗೆ ಕೇಳುತ್ತದೆ. ಲೆಕ್ಕ ಕೇಳಿ: ಎಂಬತ್ತೈದು ಗಂಟೆಯಲ್ಲಿ ಧ್ವನಿಮುದ್ರಣ, ಮಿಶ್ರಣ ಎಲ್ಲಾ ಮುಗಿಯಿತು. ಖರ್ಚು ೩,೨೦೦ ಡಾಲರ್. ಆಗಿನ ದರದಲ್ಲಿ ನಮ್ಮ ಸುಮಾರು ಮೂವತ್ತಾರು ಸಾವಿರ ರೂಪಾಯಿ. ಎಸ್‌ಎಸ್‌ಟಿ ಧೈರ್ಯ ಸಾಲದೆ ಐದು ಸಾವಿರದೊಳಗೇ ಪ್ರತಿ ಒತ್ತಿಸಿತು. ಎಲ್ಲಾ ಖರ್ಚಾಗಿ ವಾರಗಟ್ಟಲೆ ಅಂಗಡಿಗಳಲ್ಲಿ ಆಲ್ಬಮ್ಮೇ ಇಲ್ಲ! ಕಡಿಮೆ ಅಚ್ಚು ಹಾಕಿಸಿ ಆಮೇಲೆ ತಲೆ ಚಚ್ಚಿಕೊಳ್ಳುವ ಗಿರಾಕಿಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ.

ಮೊದಲನೆಯದು ಮಿನಿಟ್‌ಮೆನ್ ತಂಡದ ‘ಡಬಲ್ ನಿಕಲ್ಸ್ ಆನ್ ದ ಡೈಮ್’. ಇವರ ಊರು ಲಾಸ್ ಏಂಜಲೀಸಿನ ಬಂದರು ಪ್ರದೇಶ, ಸ್ಯಾನ್ ಪೆಡ್ರೊ. ಊರಿನವರ ಬಾಯಲ್ಲಿ ಅದು ‘ಪೀಡ್ರೊ’. ಡಿ. ಬೂನ್ ಮತ್ತು ಮೈಕ್ ವಾಟ್ ಬಾಲ್ಯದ ಗೆಳೆಯರು, ಡ್ರಮ್ಮಿಗೆ ಜಾರ್ಜ್ ಹರ್ಲಿ. ಹಸ್ಕರ್ ಡೂ ಜೋಡಿ ಆಲ್ಬಂ ಮಾಡಿದ್ದಾರೆಂದು ಕೇಳಿ ‘ನಾವೇನು ಕಡಿಮೆ’ ಎಂದು ಇವರೂ ನಲವತ್ತಕ್ಕೂ ಹೆಚ್ಚು ಹಾಡು ತುಂಬಿ ಜೋಡಿ ಮಾಡಿದರು. ಹೆಚ್ಚಿನ ಹಾಡುಗಳು ಎರಡೇ ನಿಮಿಷದವು. ಖರ್ಚು ೧,೧೦೦ ಡಾಲರ್, ನಮ್ಮ ಹನ್ನೆರಡು ಸಾವಿರ ಚಿಲ್ಲರೆ. ಮೂವರೂ ಒಂದೊಂದು ಬದಿಗೆ ಹಾಡು ಆರಿಸಿಕೊಂಡರು. ಉಳಿದದ್ದನ್ನು ನಾಲ್ಕನೆಯ ಬದಿಗೆ ಹಾಕಿ ಅದಕ್ಕೆ ‘ಜೊಳ್ಳು’ ಎಂದೇ ಹೆಸರಿಟ್ಟರು. ಇಂಥ ಪ್ರಾಮಾಣಿಕತೆ ಯಾವ ಕಂಪನಿಗಿದೆ?

ಇನ್ನೊಂದು ಮಾತು. ಬೂನ್ ತನ್ನ ಗಿಟಾರಿನ ದನಿಯನ್ನು ಬೇಕೆಂದೇ ತೆಳ್ಳಗೆ ಇಡುತ್ತಿದ್ದ, ವಾಟ್‌ನ ಬೇಸಿಗೂ ಜಾಗ ಸಿಗಲಿ ಎಂದು. ಒಬ್ಬರು ಇನ್ನೊಬ್ಬರನ್ನು ಮುಚ್ಚಿಹಾಕಬಾರದು ಎಂಬುದು ಅವನ ರಾಜಕೀಯ. ಕೇಳಿ ನೋಡಿ, ಮೂವರೂ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತಾರೆ. ೧೯೮೫ರ ಡಿಸೆಂಬರಿನಲ್ಲಿ ಅರಿಜೋನಾದಲ್ಲಿ ವ್ಯಾನ್ ಅಪಘಾತಕ್ಕೀಡಾಗಿ ಬೂನ್ ಸತ್ತ. ಇಪ್ಪತ್ತೇಳು ವರ್ಷ. ತಂಡ ಅಲ್ಲಿಗೇ ಮುಗಿಯಿತು.

ಇವರೆಲ್ಲಾ ದೇವರಲ್ಲ ಗೆಳೆಯರೇ. ಹಸ್ಕರ್ ಡೂ ೧೯೮೬ರ ಹೊತ್ತಿಗೆ ವಾರ್ನರ್ ಕಂಪನಿಗೆ ಹೋಯಿತು, ೧೯೮೮ರಲ್ಲಿ ಒಡೆಯಿತು. ಎಸ್‌ಎಸ್‌ಟಿಯೂ ಸಾಚಾ ಅಲ್ಲ ಎಂದವರಿದ್ದಾರೆ. ಮೀಟ್ ಪಪೆಟ್ಸ್ ಸೇರಿ ಕೆಲವು ತಂಡಗಳು ಹಣದ ಲೆಕ್ಕಕ್ಕೆ ಜಗಳವಾಡಿ ತಮ್ಮ ಧ್ವನಿಮುದ್ರಣಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಗೆಳೆತನ ಗೆಳೆತನವೇ, ಲೆಕ್ಕ ಕಾಗದದ ಮೇಲಿರಲಿ. ಇದು ಪ್ರೆಸ್ಸಿನವನ ಬುದ್ಧಿಮಾತು.

ಈಗ ನನ್ನ ತಪ್ಪೊಪ್ಪಿಗೆ.

೨೦೦೧ರಲ್ಲಿ ನಮ್ಮ ಬೀದಿಯ ನಾಲ್ವರು ಹುಡುಗರು ತಂಡ ಕಟ್ಟಿದ್ದರು. ಕನ್ನಡದಲ್ಲೇ ಹಾಡು. ಬಾಡಿಗೆ ಮನೆ, ಕೊನೆಯ ಬಸ್ಸು, ನೀರಿನ ಟ್ಯಾಂಕರು, ಇವೇ ವಸ್ತು. ಕ್ಯಾಸೆಟ್ ಕಂಪನಿಯೊಂದು ಆಸೆ ತೋರಿಸಿತು. ಹುಡುಗರು ಕುಣಿದಾಡಿ ಐನೂರು ಇನ್‌ಲೇ ಕಾರ್ಡು ಎರಡು ಬಣ್ಣದಲ್ಲಿ ನನ್ನ ಹತ್ತಿರ ಅಚ್ಚು ಹಾಕಿಸಿದರು. ಆಮೇಲೆ ಕಂಪನಿ ‘ಸಿನಿಮಾ ಧಾಟಿಗೆ ಬದಲಿಸಿ’ ಎಂದಿತು. ‘ಮುಂದಿನ ತಿಂಗಳು’ ಎಂದಿತು. ಕೊನೆಗೆ ಏನೂ ಅನ್ನಲಿಲ್ಲ. ಹುಡುಗರು ಒಂದು ವರ್ಷ ಕಾದು ಚದುರಿದರು.

ತಪ್ಪು ಕಂಪನಿಯದು ಮಾತ್ರವಲ್ಲ, ನನ್ನದೂ ಇದೆ. ಹನ್ನೆರಡು ಸಾವಿರದ ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೂ ‘ಕಾಯಬೇಡಿ, ಇನ್ನೂರು ಕ್ಯಾಸೆಟ್ ನಾವೇ ಮಾಡೋಣ’ ಎನ್ನಲಿಲ್ಲ. ನನ್ನ ಕೈಯಿಂದ ದುಡ್ಡು ಹೋದೀತೆಂದು ಬಾಯಿ ಮುಚ್ಚಿಕೊಂಡೆ. ಕೆಲವು ವರ್ಷದ ಮೇಲೆ ಅವರಲ್ಲೊಬ್ಬ ತನ್ನ ಲಗ್ನಪತ್ರಿಕೆ ಮಾಡಿಸಲು ಬಂದ. ಅಟ್ಟದಿಂದ ಒಂದು ಕಾರ್ಡು ತೆಗೆದುಕೊಟ್ಟೆ. ‘ಬಣ್ಣ ಇನ್ನೂ ಹೊಳೀತಿದೆಯಲ್ಲ ಅಣ್ಣಾ’ ಅಂದ. ಹಾಡು ಎಲ್ಲಿದೆ ಅಂದೆ. ಅವನಿಗೂ ಗೊತ್ತಿಲ್ಲ. ಕವರು ಉಳಿಯಿತು, ಹಾಡು ಹೋಯಿತು.

ಅದಕ್ಕೇ ಅಮೆರಿಕದ ಕೂಗಾಟ ಇಲ್ಲಿ ಬೇಕು. ಆ ಹುಡುಗರು ತಮ್ಮ ಊರಿನ ಮಾತನ್ನು ತಮ್ಮ ಊರಿನ ಕಾಸಿನಲ್ಲೇ ಹಾಡಿ ಉಳಿಸಿದರು. ಇವತ್ತು ನಿಮ್ಮ ಜೇಬಿನ ಮೊಬೈಲಿನಲ್ಲೇ ಧ್ವನಿಮುದ್ರಣ ಆಗುತ್ತದೆ. ನಿಮಗಿರುವ ಅನುಕೂಲ ಅವರಿಗಿರಲಿಲ್ಲ. ಇನ್ನು ಕಾಯಲು ಏನು ನೆಪ?

ಇಲ್ಲಿ ಗಿಟಾರು ಹಿಡಿದವರು ಇದ್ದೀರಿ, ಕಾಣುತ್ತಿದೆ. ನಿಮ್ಮ ಮೊದಲ ಇನ್ನೂರು ಕವರ್ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗಲಿ. ಕಾಗದದ ದುಡ್ಡು ಕೊಡಿ ಸಾಕು, ಕೂಲಿ ಮಾರಾಟವಾದ ಮೇಲೆ. ಒಂದೇ ಷರತ್ತು. ಮೊದಲು ಹಾಡು ಕೇಳಿಸಬೇಕು, ಆಮೇಲೇ ಮೆಷಿನ್ನು ಓಡುವುದು.